ಮೌನೇಶ್ವರಿಯ ಭಾರದ ಕೈ

ಮಸ್ಕಿಯ ಮೌನೇಶ್ವರಿ ರೊಟ್ಟಿ ಬಡಿಯಲು ಕುಳಿತರೆ ಓಣಿಯ ಕೊನೆಯ ಮನೆಯವರಿಗೂ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿತ್ತು. ಏಟು ಭಾರ, ರೊಟ್ಟಿ ಮಾತ್ರ ಹಪ್ಪಳದಷ್ಟು ತೆಳು. ಡಬ್ಬಿ ಕಟ್ಟಿಕೊಂಡು, ಏಳರ ಬಸ್ಸು ಹಿಡಿದು ಸಿಂಧನೂರಿನ ಆಸ್ಪತ್ರೆ ಸೇರುತ್ತಿದ್ದಳು. ಅಲ್ಲಿನ ಐಸಿಯುನಲ್ಲಿ ಅವಳೇ ಹಿರಿಯ ನರ್ಸು. ಸೂಜಿ ಚುಚ್ಚಿದರೆ ಒಂದೇ ಸಲಕ್ಕೆ ನರ ಸಿಗಬೇಕು. ಸಿಗದಿದ್ದರೆ ಅದು ನರದ ತಪ್ಪು. ತನ್ನ ಕೈಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಹೋದ ವರ್ಷ ಒಂದು ಅಧ್ಯಯನಕ್ಕೆಂದು ಆ ಐಸಿಯುಗೆ ದಪ್ಪ ಪೆನ್ನಿನಂಥ ಕ್ಯಾಮೆರಾ ಬಂತು. ಅದರ ತುದಿಯನ್ನು ರೋಗಿಯ ನಾಲಿಗೆಯ ಕೆಳಗಿಟ್ಟರೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಪರದೆಯ ಮೇಲೆ ಕಾಣುತ್ತಿದ್ದವು. ಎಷ್ಟರಲ್ಲಿ ರಕ್ತ ಹರಿಯುತ್ತಿದೆ, ಎಷ್ಟರಲ್ಲಿ ನಿಂತಿದೆ ಎಂದು ಕಂಪ್ಯೂಟರೇ ಎಣಿಸಿ ಹಸಿರನ್ನೋ ಕೆಂಪನ್ನೋ ತೋರಿಸುತ್ತಿತ್ತು. ಹೇಗೂ ಬಿಪಿ ನೋಡುತ್ತೇವಲ್ಲ, ಇದೇಕೆ ಎಂದು ಉಳಿದ ನರ್ಸುಗಳು ಮುಖ ಮುಖ ನೋಡಿಕೊಂಡರು. ಅಧ್ಯಯನ ನಡೆಸುತ್ತಿದ್ದ ಅಖ್ತರ್ ಡಾಕ್ಟರು ಬಾಯಿ ತೆರೆಯುವ ಮೊದಲೇ ಮೌನೇಶ್ವರಿ ಪಾಠ ಶುರು ಮಾಡಿದಳು. ಅವಳಪ್ಪ ಯಂಕೋಬ ಕಾಲುವೆಗೆ ನೀರು ಬಿಡುವ ಲಸ್ಕರ್. ತೂಬು ಎತ್ತಿ ಇಳಿಸಿಯೇ ಮಕ್ಕಳನ್ನು ಸಾಕಿದವನು. ದೊಡ್ಡ ಕಾಲುವೆ ತುಂಬಿ ಹರಿದರೂ ಕೊನೆಯ ಹೊಲಕ್ಕೆ ಹನಿ ನೀರು ಮುಟ್ಟದ ಕತೆ ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಬಿಪಿ ಅಂದರೆ ದೊಡ್ಡ ಕಾಲುವೆ, ಈ ಸಣ್ಣ ನಾಳಗಳೇ ಕೊನೆಯ ಹೊಲ ಎಂದಳು. ಡಾಕ್ಟರು ಮೆಚ್ಚಿ ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟರು. ಹಗುರವಾಗಿ ಹಿಡಿಯಬೇಕೆಂದೂ ಹೇಳಿದರು. ಪಾಠದ ಭರಾಟೆಯಲ್ಲಿ ಆ ಮಾತು ಅವಳ ಕಿವಿಗೆ ಬೀಳಲಿಲ್ಲ.

ಮೊದಲ ರೋಗಿ ಸಾಲಗುಂದದ ತಿಮ್ಮವ್ವ. ಕಾಲಿನ ಗಾಯ ಕೀವಾಗಿ, ನಂಜು ಮೈಗೆಲ್ಲ ಏರಿ ಬಂದಿದ್ದ ಮುದುಕಿ, ನಾಲ್ಕು ದಿನದಲ್ಲಿ ಗಂಜಿಗೆ ಉಪ್ಪಿಲ್ಲವೆಂದು ಬೈಯುವಷ್ಟು ಚೇತರಿಸಿಕೊಂಡಿದ್ದಳು. ಐಸಿಯುನಲ್ಲಿ ಮಗಳು ಪಕೀರಮ್ಮನ ಮುಖ ಕಾಣುವುದು ದಿನಕ್ಕೆ ಎರಡು ಸಲ, ಐದೈದು ನಿಮಿಷ. ವಾರ್ಡಿಗೆ ಹೋದರೆ ಮಗಳು ಪಕ್ಕದಲ್ಲೇ ಇರಬಹುದು. ಮುದುಕಿ ಅದಕ್ಕಾಗಿಯೇ ಜೀವ ಹಿಡಿದುಕೊಂಡಿದ್ದಳು.

ಮೌನೇಶ್ವರಿ ಕ್ಯಾಮೆರಾ ಇಟ್ಟಳು. ಕೆಂಪು. ಡಾಕ್ಟರು ವಾರ್ಡಿಗೆ ಕಳಿಸುವ ಮಾತು ಬಿಟ್ಟು, ಇಳಿಸಬೇಕೆಂದಿದ್ದ ಬಿಪಿಯ ಔಷಧವನ್ನು ಹಾಗೇ ಮುಂದುವರಿಸಿದರು. ಮರುದಿನವೂ ಕೆಂಪು. ಪಕೀರಮ್ಮ ಬಾಗಿಲ ಹೊರಗೆ ಕುಳಿತು ಅತ್ತಳು. ಮೌನೇಶ್ವರಿ ಅವಳಿಗೂ ಕೊನೆಯ ಹೊಲದ ಪಾಠ ಹೇಳಿ ಬಂದಳು.

ಮೂರನೆಯ ದಿನ ಕ್ಯಾಮೆರಾ ಕಂಡದ್ದೇ, ಮಗಳಿಂದ ಆ ಪಾಠ ಕೇಳಿದ್ದ ತಿಮ್ಮವ್ವ ಅದನ್ನು ಕೈಯಿಂದ ತಡೆದಳು.

"ನಿನ್ನ ಕೈ ಬಾಳ ಭಾರ ಐತಿ ತಂಗಿ. ನಾಲಿಗಿ ಬುಡಕ ರೊಟ್ಟಿ ಬಡದಂಗ ಒತ್ತತಿ. ಕಾಲುವ್ಯಾಗ ಎಮ್ಮಿ ಬಿದ್ಕೊಂಡ್ರ ಕೊನೀ ಹೊಲಕ್ಕ ನೀರು ಹೆಂಗ ಬರ್ತೈತಿ?"

ಮೌನೇಶ್ವರಿಗೆ ಅಪ್ಪ ನೆನಪಾದ. ನೀರು ಬಂದಿಲ್ಲವೆಂದು ದೂರು ಬಂದರೆ ಅವನು ಮೊದಲು ತೂಬಿಗೆ ಕೈ ಹಾಕುತ್ತಿರಲಿಲ್ಲ. ದಂಡೆಗುಂಟ ನಡೆದು, ನಡುವೆ ಏನು ಅಡ್ಡ ಬಿದ್ದಿದೆ ಎಂದು ನೋಡುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಕ್ಯಾಮೆರಾದ ತುದಿಯನ್ನು ಬರೀ ಸೋಕಿಸಿದಳು. ಪರದೆಯ ಮೇಲೆ ಸಣ್ಣ ನಾಳಗಳು ಒಂದೊಂದಾಗಿ ಕಂಡವು, ಅವುಗಳೊಳಗೆ ರಕ್ತ ಇರುವೆಸಾಲಿನಂತೆ ಸಾಗಿತು. ಹಸಿರು.

ಮುದುಕಿ ಇವತ್ತು ಸುಧಾರಿಸಿದಳು ಎಂದು ಬರೆದುಬಿಟ್ಟರೆ ಕೇಳುವವರಾರೂ ಇರಲಿಲ್ಲ. ಹಾಗೆ ಬರೆಯಲು ಮೌನೇಶ್ವರಿಗೆ ಕೈ ಬರಲಿಲ್ಲ. ಎದ್ದು ಡಾಕ್ಟರ ಹತ್ತಿರ ಹೋದಳು.

"ಸರ್, ತಿಮ್ಮವ್ವಗ ಏನೂ ಆಗಿದ್ದಿಲ್ರೀ. ಎರಡು ದಿನಾನೂ ನಾನೇ ಒತ್ತಿ ರಕ್ತ ನಿಲ್ಸಿದ್ದೆ."

ಅಖ್ತರ್ ಡಾಕ್ಟರು ಹಿಂದಿನ ಎರಡು ದಿನದ ಚಿತ್ರಗಳನ್ನು ತೆರೆದು ನೋಡಿದರು. ಯಂತ್ರ ಚಿತ್ರ ನೋಡುತ್ತದೆ, ಹಿಡಿದ ಕೈಯನ್ನು ನೋಡುವುದಿಲ್ಲ. ಗಂಜಿಗೆ ಉಪ್ಪು ಕೇಳುವ ಮುದುಕಿಯನ್ನು ತಾವಾದರೂ ನೋಡಬೇಕಿತ್ತು ಎಂದರು. ತಾವೇ ಬಂದು ಪರೀಕ್ಷಿಸಿ, ಔಷಧ ಇಳಿಸಿದರು. ಮರುದಿನ ತಿಮ್ಮವ್ವ ವಾರ್ಡಿಗೆ ಹೋದಳು.

ಅದರ ಮರುದಿನ ಮೌನೇಶ್ವರಿ ತನ್ನ ಡಬ್ಬಿಯೊಂದಿಗೆ ಮುದುಕಿಯ ಮಂಚದ ಹತ್ತಿರ ಹೋದಳು. ಮನೆಯಲ್ಲಿ ಅಂದು ರೊಟ್ಟಿ ಬಡಿದ ಸಪ್ಪಳ ಪಕ್ಕದ ಮನೆಗೂ ಕೇಳಿರಲಿಲ್ಲ. ತಿಮ್ಮವ್ವ ಮಗಳ ತೊಡೆಗೆ ಒರಗಿಕೊಂಡು ಒಂದು ತುಂಡು ಮುರಿದು ಬೆರಳ ನಡುವೆ ಹಿಡಿದು ನೋಡಿದಳು. ರೊಟ್ಟಿ ಅಂಗೈಯಷ್ಟು ದಪ್ಪವಿತ್ತು.

"ತಂಗಿ," ಎಂದಳು, "ಒತ್ತಬೇಕಾಗಿದ್ದು ಇದನ್ನ."