ಎಂಟು ಸಹಿ, ಒಂದು ನಳ್ಳಿ

ಕಳೆದ ಶುಕ್ರವಾರ ಅಲ್ ಹಿಲಾಲ್‌ನ ನನ್ನ ಮನೆಯಲ್ಲಿ ಏಳು ಜನ ಗಂಡಸರು ಕುಳಿತು ಒಂದು ಗಂಟೆ ಹೊತ್ತು ದೋಹಾದ ಹವೆಯ ಬಗ್ಗೆ ಮಾತಾಡಿದರು. (ದೋಹಾದ ಹವೆಯ ಬಗ್ಗೆ ಒಂದು ಗಂಟೆ ಮಾತಾಡಲು ಏನಿದೆ ಹೇಳಿ? ಸೆಕೆ. ಆಮೇಲೆ ಇನ್ನೂ ಸೆಕೆ.) ಚಾದ ಜೊತೆಗೆಂದು ಬಾಳೆಕಾಯಿ ಪೋಡಿ ಕರಿದಿಟ್ಟಿದ್ದೆ. ಯಾರೂ ಮುಟ್ಟಲಿಲ್ಲ. ಚಾ ಆರಿ ಕೆನೆ ಕಟ್ಟಿತು.

ಅವರು ಬಂದದ್ದು ಹವೆಯ ಸುದ್ದಿಗಲ್ಲ. ನಮ್ಮೂರಿನ ನೀರಿನ ಕಂಪನಿಯನ್ನು ಮಾರುವುದೋ ಬೇಡವೋ ಎಂದು ತೀರ್ಮಾನಿಸಲು.

ಹೊಸ ಓದುಗರಿಗಾಗಿ ಸ್ವಲ್ಪ ಹಿಂದಿನ ಕತೆ ಹೇಳಬೇಕು. ನಮ್ಮದು ಉಡುಪಿ ಕಡೆಯ ಒಂದು ಕುದ್ರು. ಸುತ್ತ ಹೊಳೆ, ನಡುವೆ ನಮ್ಮ ಮನೆಗಳು. ಸಮುದ್ರ ಹತ್ತಿರ. ಮಾರ್ಚ್ ಬಂತೆಂದರೆ ಬಾವಿಯ ನೀರೆಲ್ಲ ಉಪ್ಪು. ಕುಡಿಯುವ ನೀರು ಹೊಳೆಯಾಚೆಯಿಂದ ದೋಣಿಯಲ್ಲಿ ಬರಬೇಕಿತ್ತು. ದೋಣಿ ಅಲುಗಾಡಿ ಅರ್ಧ ಕೊಡ ಹೊಳೆಗೇ ಹೋಗುತ್ತಿತ್ತು.

ನನ್ನ ಗಂಡ ಲಾರೆನ್ಸ್‌ಗೆ ಇದೇ ಒಂದು ಸಂಕಟ. "ನಾವು ಇಲ್ಲಿ ಕುಡಿಯೋದು ಸಮುದ್ರದ ನೀರು, ಮನೆಯವರು ಅಲ್ಲಿ ಕುಡಿಯೋದೂ ಸಮುದ್ರದ ನೀರೇ. ಇಲ್ಲಿ ಉಪ್ಪು ತೆಗೆದು ಕೊಡ್ತಾರೆ, ಅಷ್ಟೇ ಡಿಫರೆನ್ಸ್," ಎನ್ನುತ್ತಿದ್ದರು. ಈ ಒಂದೇ ಡೈಲಾಗ್ ಹಿಡಿದುಕೊಂಡು ವಾರದ ಒಂದು ರಜೆಯನ್ನೂ ಬಿಡದೆ ದೋಹಾ ಅಲ್ ಜದೀದಾದ ರೂಮು ರೂಮು ಹತ್ತಿ ಇಳಿದರು. ಆರು ಜನರ ರೂಮಿನಲ್ಲಿ ಮೇಲಿನ ಮಂಚದಲ್ಲಿ ಮಲಗುವವನ ಕೈಯಲ್ಲೂ ಒಂದು ಷೇರು ತೆಗೆಸಿದರು. ಊರಿನವರೂ ಸೇರಿದರು. ಹೊಳೆಯಾಚೆ ಬಾವಿ ತೋಡಿ, ಟ್ಯಾಂಕ್ ಕಟ್ಟಿ, ಪೈಪ್ ಎಳೆದದ್ದಾಯಿತು. ಇಪ್ಪತ್ತು ವರ್ಷದಿಂದ ನಮ್ಮ ಕುದ್ರು ಮತ್ತು ಆಸುಪಾಸಿನ ನಾಲ್ಕು ಊರು ಆ ನೀರು ಕುಡಿಯುತ್ತಿವೆ.

ಮೊದಲ ಮೀಟಿಂಗಿನಲ್ಲೇ ಲಾರೆನ್ಸ್ ಜಗಳ ಮಾಡಿ ಒಂದು ರೂಲ್ ಬರೆಸಿದ್ದರು. ದೋಣಿ ಕಡವಿನಲ್ಲಿ ಒಂದು ನಳ್ಳಿ ಇರಬೇಕು. ಮೀಟರ್ ಬೇಡ, ಬಿಲ್ ಬೇಡ. ಷೇರು ತೆಗೆಯಲು ಕೈಲಾಗದವರು ಬಂದು ಹಿಡಿಯಲಿ. ಹಾಗೆ ಹಿಡಿಯುವವರಲ್ಲಿ ಒಬ್ಬಳು ಗುಲಾಬಿಯಕ್ಕ. ಸೊಂಟದ ಮಟ್ಟ ಹೊಳೆಗಿಳಿದು ಮರುವಾಯಿ ಚಿಪ್ಪು ಹೆಕ್ಕಿ ಮಾರುವವಳು. ಕುದ್ರುವಿನ ಕೊನೆಯಲ್ಲಿ ಮನೆ. ಪೈಪ್ ಅಲ್ಲಿಗೆ ಹೋಗಿಲ್ಲ. ಅವಳ ಅನ್ನ, ಗಂಜಿ, ಚಾ ಎಲ್ಲ ಆ ಕಡವಿನ ನಳ್ಳಿಯಿಂದಲೇ.

ಲಾರೆನ್ಸ್ ಹೋಗಿ ಮೂರು ವರ್ಷವಾಯಿತು. ಅವರ ಷೇರುಗಳು ಈಗ ನನ್ನ ಹೆಸರಿನಲ್ಲಿವೆ.

ಈಗ ಒಂದು ದೊಡ್ಡ ಕಂಪನಿಗೆ ನಮ್ಮ ಪುಟ್ಟ ಕಂಪನಿ ಬೇಕಾಗಿದೆ. ಎಲ್ಲ ಷೇರುದಾರರಿಗೂ ಆಫರ್ ಲೆಟರ್ ಬಂದಿದೆ. ಒಳ್ಳೆಯ ರೇಟ್, ಸುಳ್ಳು ಹೇಳಬಾರದು. ಒಳಪುಟವೊಂದರಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಮೀಟರ್ ಇಲ್ಲದ ನಳ್ಳಿಗಳನ್ನೆಲ್ಲ ಮುಚ್ಚಲಾಗುವುದು. ಇಡೀ ಕುದ್ರುವಿನಲ್ಲಿ ಮೀಟರ್ ಇಲ್ಲದ ನಳ್ಳಿ ಇರುವುದು ಒಂದೇ.

ಲುಸೈಲ್‌ನಲ್ಲಿ ಇಂಜಿನಿಯರ್ ಆಗಿರುವ ನಮ್ಮೂರಿನ ಹುಡುಗ ಫೆಲಿಕ್ಸ್ ಲೆಕ್ಕ ಹಾಕಿಕೊಂಡು ಬಂದಿದ್ದ. ನೂರಕ್ಕೆ ತೊಂಬತ್ತು ಪಾಲು ಒಪ್ಪಿದರೆ ಉಳಿದವರ ಪಾಲನ್ನೂ ಕಾನೂನು ಪ್ರಕಾರ ಅವರೇ ತೆಗೆದುಕೊಳ್ಳಬಹುದು. ಬೇರೆಲ್ಲ ಕಡೆಯಿಂದ ಹೆಚ್ಚುಕಡಿಮೆ ಒಪ್ಪಿಗೆ ಬಂದಾಗಿದೆ. ದೋಹಾದಲ್ಲಿ ಈಗ ಉಳಿದಿರುವ ನಾವು ಎಂಟು ಷೇರುದಾರರಲ್ಲಿ ಹೆಚ್ಚಿನವರು ಬೇಡ ಎಂದರೆ ಮಾತ್ರ ಆ ತೊಂಬತ್ತು ಮುಟ್ಟುವುದಿಲ್ಲ, ಆಫರೇ ರದ್ದಾಗುತ್ತದೆ.

ಅಂದರೆ ಕಡವಿನ ನಳ್ಳಿಯ ಗತಿ ಆ ಶುಕ್ರವಾರ ನನ್ನ ಮನೆಯ ಹಾಲ್‌ನಲ್ಲಿತ್ತು. ಆದರೆ ಅದರ ಸುದ್ದಿಯನ್ನು ಯಾರೂ ಎತ್ತಲೊಲ್ಲರು. ಯಾಕೆ? ನಾನು ಎದುರಿಗೆ ಕುಳಿತಿದ್ದೆನಲ್ಲ! ಲಾರೆನ್ಸ್ ಕಟ್ಟಿದ ಕಂಪನಿಯನ್ನು ಲಾರೆನ್ಸ್ ಹೆಂಡತಿಯ ಮುಂದೆ ಮಾರೋಣ ಎನ್ನುವುದು ಹೇಗೆ? ದಾಕ್ಷಿಣ್ಯ. ನಮ್ಮ ಕರಾವಳಿಯವರಿಗೆ ಬೇರೆ ಏನು ಕಡಿಮೆಯಾದರೂ ಇದೊಂದು ಕಡಿಮೆಯಾಗುವುದಿಲ್ಲ.

ಮೂಲೆಯ ಕುರ್ಚಿಯಲ್ಲಿ ಹಮೀದಾಕ ಇದ್ದರು. ಲಾರೆನ್ಸ್‌ರ ಹಳೆಯ ಸ್ನೇಹಿತ. ಕೆಲಸ ಹೋಗಿದೆ, ತಿಂಗಳೊಳಗೆ ಊರಿಗೆ ಹೊರಡಬೇಕು, ಇನ್ನೊಮ್ಮೆ ಇಲ್ಲಿಗೆ ಬರುವ ಮಾತಿಲ್ಲ. ಅವರ ಅಂಗಿಯ ಕಿಸೆಯಿಂದ ಆಫರ್ ಫಾರ್ಮಿನ ಮೂಲೆ ಇಣುಕುತ್ತಿತ್ತು. ಅಲ್ಲಿ ಪೆನ್ನಿನ ಅಕ್ಷರ ಕಂಡಿತು; ತುಂಬಿಸಿಯಾಗಿದೆ, ಸಹಿಯೊಂದೇ ಬಾಕಿ ಇರಬೇಕು ಎಂದುಕೊಂಡೆ. ನಾನು ನೋಡಿದ್ದು ಗೊತ್ತಾಗಿ ಅವರು ಅದನ್ನು ಬೆರಳಿನಿಂದ ಒಳಗೆ ಒತ್ತಿದರು.

ಪಾಪ, ನನ್ನಿಂದಾಗಿ ಈ ಮನುಷ್ಯ ಬಾಯಿ ಕಟ್ಟಿ ಕೂತಿದ್ದಾರೆ ಎನಿಸಿತು. ಎದ್ದು ಪೆನ್ ತಂದೆ. ನನ್ನ ಫಾರ್ಮ್ ಬಿಡಿಸಿ ಎಲ್ಲರೆದುರು ಸಹಿ ಹಾಕಿದೆ.

"ನನ್ನದೇನೂ ಅಡ್ಡಿ ಇಲ್ಲ. ಲಾರೆನ್ಸ್ ಇದ್ದಿದ್ರೆ ಅವರೂ ಇದನ್ನೇ ಹೇಳ್ತಿದ್ರು," ಎಂದೆ.

ಅದು ಶುದ್ಧ ಸುಳ್ಳು. ಲಾರೆನ್ಸ್ ಇದ್ದಿದ್ದರೆ ಆ ಲೆಟರನ್ನು ಹರಿದು ಪೋಡಿಯ ಎಣ್ಣೆ ಒರೆಸುತ್ತಿದ್ದರು. ಸತ್ತವರ ಬಾಯಿಯಲ್ಲಿ ಮಾತು ಹೇಳಿಸುವುದು ಎಷ್ಟು ಸುಲಭ ನೋಡಿ, ಅವರು ತಿರುಗಿ ಬೈಯುವುದಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಪೆನ್ನು ಕಾಗದಕ್ಕೆ ತಾಗುವವರೆಗೂ ಯಾರಾದರೊಬ್ಬರು "ತಡೀರಿ" ಎನ್ನುತ್ತಾರೆಂದು ಕಾದಿದ್ದೆ. ಒಬ್ಬರಾದರೂ. ಯಾರೂ ಅನ್ನಲಿಲ್ಲ. ಫೆಲಿಕ್ಸ್ ಸಹಿ ಹಾಕಿದ. ಹಮೀದಾಕ ಹಾಕಿದರು. ಹತ್ತು ನಿಮಿಷದಲ್ಲಿ ಎಂಟೂ ಮುಗಿಯಿತು. ಆಮೇಲೆ ತಣ್ಣಗಾದ ಪೋಡಿಯೂ ಖಾಲಿಯಾಯಿತು. ಭಾನುವಾರ ಫೆಲಿಕ್ಸ್ ಎಲ್ಲವನ್ನೂ ಒಂದೇ ಕವರಿನಲ್ಲಿ ಕೊರಿಯರ್ ಮಾಡಿದ.

ಸೋಮವಾರ ಆಫೀಸಿನಲ್ಲಿದ್ದಾಗ ಹಮೀದಾಕನ ಫೋನ್.

"ಫ್ಲೋರಿನ್ ಬಾಯಿ, ಒಂದು ಮಾತು ಕೇಳ್ಲಿಕ್ಕೆ. ನಿಮಗೆ ದುಡ್ಡಿನ ಅರ್ಜೆಂಟ್ ಏನಾದ್ರೂ ಉಂಟಾ?"

"ಇಲ್ಲ. ಯಾಕೆ?"

"ಅಲ್ಲ, ನೀವು ಬೇಡ ಹೇಳ್ತೀರಿ ಅಂತ ನಾನು ಬಂದದ್ದು. ಮನೆಯಲ್ಲಿ ಅವಳದ್ದು ಒಂದೇ ಹಟ, ಕೊಟ್ಟುಬಿಡಿ ಅಂತ. ಹಾಗೆ ಫಾರ್ಮ್ ತುಂಬಿಸಿದ್ದು. ಲಾರೆನ್ಸ್ ಹೆಂಡತಿ ಒಪ್ಪಲಿಲ್ಲ ಅಂತ ಹೇಳಿ ಕಿಸೆಯಲ್ಲೇ ವಾಪಸ್ ತಕೊಂಡು ಹೋಗುವಾಂತ ಇದ್ದೆ."

ಫೋನ್ ಹಿಡಿದುಕೊಂಡೇ ಎದ್ದು ಕಾರಿಡಾರಿಗೆ ಹೋದೆ.

"ನೀವೇ ಸಹಿ ಹಾಕಿದ ಮೇಲೆ ನಾನು ಹಾಕದಿದ್ದರೆ ನಿಮಗೆ ಬೇಜಾರಾಗುದಿಲ್ವಾ," ಎಂದು ಮೆಲ್ಲ ಹೇಳಿ ಫೋನ್ ಇಟ್ಟರು.

ಫೆಲಿಕ್ಸ್‌ಗೆ ಫೋನ್ ಮಾಡಿದೆ. ಅವನದೂ ಅದೇ ಕತೆ. "ಆಂಟಿ, ನಿಮಗೆ ಕಷ್ಟ ಉಂಟೇನೋ, ಹೇಳ್ಲಿಕ್ಕೆ ಆಗ್ತಾ ಇಲ್ಲವೇನೋ ಅಂತ ನಾನು ಸುಮ್ಮನೆ ಹಾಕಿದ್ದು." ಉಳಿದ ಐವರಿಗೂ ಒಬ್ಬೊಬ್ಬರಾಗಿ ಮಾಡಿದೆ. ಇಬ್ಬರಿಗೆ ನಿಜವಾಗಿ ಮಾರಬೇಕಿತ್ತು. ಮೂವರು ನನ್ನ ಮುಖ ನೋಡಿ ಹಾಕಿದವರು. ನಾನು ಹಮೀದಾಕನ ಕಿಸೆ ನೋಡಿ ಹಾಕಿದವಳು. ಆ ಇಬ್ಬರನ್ನು ಬಿಟ್ಟರೂ ತಡೆಯಲು ಸಾಕಿತ್ತು ಎಂದು ಫೆಲಿಕ್ಸ್ ಮತ್ತೆ ಲೆಕ್ಕ ಹಾಕಿ ಹೇಳಿದ. (ಅದನ್ನು ಹೇಳದಿದ್ದರೆ ಆಗುತ್ತಿತ್ತು.)

"ವಾಪಸ್ ತೆಗೀಲಿಕ್ಕೆ ಬರುದಿಲ್ವಾ?" ಎಂದು ಕೇಳಿದೆ.

"ಇಲ್ಲ ಆಂಟಿ. ಒಮ್ಮೆ ಕಳಿಸಿದ ಮೇಲೆ ತೆಗೀಲಿಕ್ಕಿಲ್ಲ ಅಂತ ಫಾರ್ಮಿನಲ್ಲೇ ಬರೆದಿದ್ದಾರೆ. ಖಲಾಸ್."

ಆಫೀಸಿನ ಬಾತ್‌ರೂಮಿಗೆ ಹೋಗಿ ನಳ್ಳಿ ಜೋರಾಗಿ ಬಿಟ್ಟು ಅತ್ತೆ. ಲಾರೆನ್ಸ್ ಹೋದಾಗ ಎಷ್ಟೋ ಜನ ಸುತ್ತ ಇದ್ದರು. ಈ ಸಲ ಒಬ್ಬಳೇ ಅಳಬೇಕಾಯಿತು, ಯಾಕೆಂದರೆ ಇದು ನನ್ನ ಕೈಯಾರೆ ಆದದ್ದು.

ನಿನ್ನೆ ಸಂಜೆ ಊರಿನಿಂದ ಗುಲಾಬಿಯಕ್ಕನ ಫೋನ್ ಬಂತು. ಪಕ್ಕದ ಮನೆಯವರ ಮೊಬೈಲಿನಲ್ಲಿ. ಅವಳು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಬಾಯಮ್ಮ, ಕಡವಿನ ನಳ್ಳಿ ತೆಗೀತಾರಂತೆ, ಹೌದಾ? ಇಲ್ಲಿ ಎಲ್ಲರೂ ಹೆದರಿದ್ದಾರೆ. ನಾನು ಹೇಳಿದೆ, ಹೆದರಬೇಡಿ, ದೋಹಾದಲ್ಲಿ ನಮ್ಮ ಬಾಯಮ್ಮ ಇದ್ದಾರೆ, ಲಾರೆನ್ಸ್ ಪೊರ್ಬುಗಳು ಹಾಕಿಸಿದ ನಳ್ಳಿಯನ್ನು ಅವರು ತೆಗೀಲಿಕ್ಕೆ ಬಿಡ್ಲಿಕ್ಕಿಲ್ಲ ಅಂತ. ಸರಿಯಾ ನಾನು ಹೇಳಿದ್ದು?"

ಲೈನ್ ಸರಿ ಇಲ್ಲ ಎಂದುಕೊಂಡಳೋ ಏನೋ, ಎರಡು ಸಲ ಹಲೋ ಎಂದಳು. ಮರುವಾಯಿ ಈ ವರ್ಷ ಕಡಿಮೆ ಎಂದಳು. ಊಟ ಆಯಿತಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಆ ಶುಕ್ರವಾರ ಹಾಲ್‌ನಲ್ಲಿ ಕುಳಿತವರಿಗೆಲ್ಲ ಬೇಜಾರಾಗದ ಹಾಗೆ ನೋಡಿಕೊಂಡೆವಲ್ಲ, ಅಲ್ಲಿ ಇಲ್ಲದವಳ ಬೇಜಾರನ್ನು ಯಾರು ನೋಡಬೇಕಿತ್ತು?