ಐದನೆಯ ಪುಟದಲ್ಲೇ ಸಿಕ್ಕಿಬಿದ್ದ ಕೊಲೆಗಾರ

ನನ್ನ ಪತ್ತೇದಾರಿ ಕಾದಂಬರಿಯ ಕೊಲೆಗಾರ ನೂರ ಎಂಬತ್ತೆರಡನೆಯ ಪುಟದಲ್ಲಿ ಸಿಕ್ಕಿಬೀಳಬೇಕಿತ್ತು. ಐದನೆಯ ಪುಟದಲ್ಲೇ ಸಿಕ್ಕಿಬಿದ್ದ. ಹಿಡಿದದ್ದು ನನ್ನ ಪತ್ತೇದಾರನಲ್ಲ, ಪೊಲೀಸರೂ ಅಲ್ಲ. ನನಗೆ ವಾದ ಮಾಡಲು ಕಲಿಸಿದ ಗುರುಗಳು. ಹಿಡಿದದ್ದು ಮುನ್ನುಡಿಯಲ್ಲಿ.

ಕೊಲೆಗಾರ ಎಂದೆನೆಂದು ಗಂಡಸೇ ಎಂದುಕೊಳ್ಳಬೇಡಿ. ಯಾರೆಂದು ಇಲ್ಲಿಯೂ ಹೇಳುವುದಿಲ್ಲ. ಈ ಜಗತ್ತಿನಲ್ಲಿ ಒಬ್ಬರಾದರೂ ಬಾಯಿ ಮುಚ್ಚಿಕೊಂಡಿರಬೇಕಲ್ಲ.

ನಮ್ಮದು ಕೊಟ್ಟೂರಿನ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ಆರನೆಯ ತರಗತಿಯಿಂದ ನಾನು ಹಾಸ್ಟೆಲ್ಲಿನಲ್ಲೇ ಬೆಳೆದೆ. ಹರಪನಹಳ್ಳಿಯಲ್ಲಿ ಪದವಿ ಓದುವಾಗ ಈ ಗುರುಗಳು ನನ್ನನ್ನು ಚರ್ಚಾ ಸ್ಪರ್ಧೆಗೆ ಎಳೆದುಕೊಂಡು ಹೋದರು. ನಾಲ್ಕು ನಿಮಿಷ ಮುಗಿದ ಕೂಡಲೇ ಪೆನ್ನಿನಿಂದ ಸ್ಟೀಲ್ ಲೋಟಕ್ಕೆ ಟಣ್ ಎಂದು ಹೊಡೆಯುತ್ತಿದ್ದರು. ಆ ಸದ್ದಿನ ನಂತರ ಉಸಿರು ಬಿಟ್ಟರೂ ಅಂಕ ಕಡಿತ. ಅವರು ಕಲಿಸಿದ ನಿಯಮಗಳಲ್ಲಿ ನನಗೆ ಪ್ರಾಣಪ್ರಿಯವಾದದ್ದು ಒಂದು: ಕೊನೆಯ ನಿಮಿಷದಲ್ಲಿ ಹೊಸ ಪುರಾವೆ ತರುವಂತಿಲ್ಲ. ಎದುರಾಳಿಗೆ ಉತ್ತರಿಸಲು ಅವಕಾಶವಿಲ್ಲದ ಹೊತ್ತಿನಲ್ಲಿ ಜೇಬಿನಿಂದ ಚೀಟಿ ತೆಗೆಯುವವನು ವಾದಿಯಲ್ಲ, ಮೋಸಗಾರ.

ನಾನು ಪತ್ತೇದಾರಿ ಬರೆಯಲು ಕೂತದ್ದು ಈ ನಿಯಮದ ಸಲುವಾಗಿಯೇ. ಕೂಡ್ಲಿಗಿಯ ಕಚೇರಿಯೊಂದರಲ್ಲಿ ನನಗೆ ಕಂಪ್ಯೂಟರ್ ಮುಂದಿನ ಗುತ್ತಿಗೆ ಕೆಲಸ. ಅಲ್ಲಿನ ರದ್ದಿ ಹಾಳೆಗಳ ಹಿಂಬದಿಯಲ್ಲಿ ಕೋಷ್ಟಕ ಹಾಕಿಕೊಂಡಿದ್ದೆ: ಯಾವ ಸುಳಿವು, ಯಾವ ಅಧ್ಯಾಯ, ಅಲ್ಲಿ ಓದುಗನಿಗೆ ಅದು ಕಾಣುತ್ತದೆಯೋ ಇಲ್ಲವೋ. ನನ್ನ ಪತ್ತೇದಾರನಿಗೆ ಗೊತ್ತಿರುವುದೆಲ್ಲ ಓದುಗನಿಗೂ ಗೊತ್ತಿರಬೇಕು. ಆಮೇಲೆ ಅವನು ಸೋತರೆ ಅದು ಅವನ ತಪ್ಪು.

ಪ್ರಕಾಶಕರೊಬ್ಬರಿಗೆ ಕಳಿಸಿದೆ. 'ಪತ್ತೇದಾರಿ ಬಿಟ್ಟು ನಿಮ್ಮ ಕುರಿಗಾರರ ಬದುಕಿನ ನೋವು ಬರೆಯಿರಿ, ನೋಡೋಣ' ಎಂದು ಉತ್ತರ ಬಂತು. ಅದನ್ನು ಓದಿದಾಗಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಕುರಿಗಾರರ ಮನೆಯ ಹುಡುಗಿ ನೋವು ಮಾತ್ರ ಬರೆಯಬೇಕಂತೆ. ನಮ್ಮ ಕಡೆ ಯಾರಾದರೂ ಸತ್ತರೆ ಬರಗಾಲಕ್ಕೆ ಸಾಯಬೇಕಂತೆ, ಒಂದು ಒಳ್ಳೆಯ ಕೊಲೆಯಾಗುವ ಯೋಗ್ಯತೆಯೂ ಇಲ್ಲವಂತೆ. ನಾನೇ ಅಚ್ಚು ಹಾಕಿಸುತ್ತೇನೆಂದು ಅಂದೇ ತೀರ್ಮಾನಿಸಿದೆ.

ಸ್ವಂತ ಪ್ರಕಟಣೆ ಎಂದರೆ ತಿದ್ದುವವರೂ ನಾವೇ. ನಾನು ಏಳು ಸಲ ತಿದ್ದಿದೆ. ಎಂಟನೆಯ ಸಲ ತಿದ್ದಿದ್ದು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅತ್ತೆಗೆ ಓದು ಬಾರದು. ಭಾನುವಾರ ಊರಿಗೆ ಹೋದಾಗ ಮಧ್ಯಾಹ್ನ ಕುರಿಮರಿಗಳ ಗೂಡಿನ ಪಕ್ಕ ಕೂತು ಒಂದೊಂದು ಅಧ್ಯಾಯ ಓದಿ ಹೇಳುತ್ತಿದ್ದೆ. ಗಟ್ಟಿಯಾಗಿ ಓದಿದರೆ ವಾಕ್ಯ ಎಲ್ಲಿ ಕುಂಟುತ್ತದೆಂದು ಕಿವಿಗೆ ಗೊತ್ತಾಗುತ್ತದೆ ಎಂಬುದಷ್ಟೇ ನನ್ನ ಲೆಕ್ಕಾಚಾರವಾಗಿತ್ತು.

ಕಥೆಯಲ್ಲಿ ಹೊಳಲಿನ ಕಡೆಯ ಒಂದು ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ಮಲಗಿಸಿರುತ್ತಾರೆ, ಬೆಳಗ್ಗೆ ನೋಡಿದರೆ ಹೊಲದ ನಡುವೆ ಹೆಣ. ನನ್ನ ಪತ್ತೇದಾರ ಮಣ್ಣಿನಲ್ಲಿ ಒಂದು ಹೆಜ್ಜೆಗುರುತು ಕಂಡು, ಅದರ ಹಿಂದೆ ನಾಲ್ಕು ಅಧ್ಯಾಯ ಅಲೆಯುತ್ತಾನೆ. ಆ ನಾಲ್ಕು ಅಧ್ಯಾಯಗಳ ಮೇಲೆ ನನಗೆ ಬಹಳ ಹೆಮ್ಮೆ. ಅತ್ತೆ ಮರಿಗಳಿಗೆ ತೊಪ್ಪಲು ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಎಷ್ಟು ಕುರಿ ಇದ್ವು ಅಂದಿ?"

"ಮುನ್ನೂರು."

"ಮುನ್ನೂರು ಕುರಿ ಎದ್ದು ಹೋದ ಹೊಲದಾಗ ಒಬ್ಬ ಮನಷ್ಯಾನ ಹೆಜ್ಜಿ ಉಳದೈತಿ?"

ನಾನು ಹಾಳೆ ಹಿಂದಕ್ಕೆ ಮಗುಚಿ ಆ ಸಾಲನ್ನು ಮತ್ತೆ ನೋಡಿದೆ.

"ನಿನ್ನ ಪತ್ತೇದಾರ ಹೆಜ್ಜಿ ನೋಡ್ಯಾನೋ, ಹಿಕ್ಕಿ ನೋಡ್ಯಾನೋ? ಕುರ್ಯಾರ ಮನ್ಯಾಗ ಹುಟ್ಟಿ ಇದನ್ನ ಬರೀತೀಯಲ್ಲಲೇ. ಹಾಸ್ಟೆಲ್ಲಿನಾಗ ಬರೇ ಅನ್ನ ಸಾರು ಹಾಕಿದ್ರೇನು ನಿನಗ?"

ನಾಲ್ಕು ಅಧ್ಯಾಯ ಹೋಯಿತು. ಒಂದು ವಾರ ಅತ್ತೆಯ ಮೇಲೆ ಉರಿದುಕೊಂಡಿದ್ದೆ, ಆಮೇಲೆ ಬೇರೆ ಸುಳಿವು ಹುಡುಕಿ ಮತ್ತೆ ಬರೆದೆ. ಆದರೆ ಅಂದಿನಿಂದ ಅತ್ತೆ ಕಥೆಯನ್ನು ಬಿಡಲಿಲ್ಲ. ಫೋನು ಮಾಡಿ, "ಆ ಡ್ರೈವರ್ ಅಲ್ಲ ಬಿಡು, ಅವ ಸುಮ್ಮನ ಕುಡುಕ. ನನಗ ಸತ್ತವನ ತಮ್ಮನ ಮ್ಯಾಲೆ ಗುಮಾನಿ" ಎನ್ನುತ್ತಿದ್ದಳು. ಕೊನೆಯ ಅಧ್ಯಾಯವನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಪುಸ್ತಕವಾಗಿ ಬಂದ ಮೇಲೆಯೇ ಓದುವುದೆಂದು ಪಂಥ ಕಟ್ಟಿದೆವು. ಅತ್ತೆ ಗೆದ್ದರೆ ನಾನು ಮುಂದಿನ ಕಾದಂಬರಿಯಲ್ಲಿ ಅವಳನ್ನೇ ಪತ್ತೇದಾರಳನ್ನಾಗಿ ಮಾಡಬೇಕು.

ಇಲ್ಲಿ ನನ್ನ ಪೆದ್ದುತನವನ್ನೂ ಒಪ್ಪಿಕೊಳ್ಳಬೇಕು. ಮುನ್ನುಡಿ ಕೇಳಿದ್ದು ನಾನೇ. ಹಗರಿಬೊಮ್ಮನಹಳ್ಳಿಯಲ್ಲಿ ಪುಸ್ತಕ ಇಡುವ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಮುನ್ನುಡಿ ಯಾರದೈತಿ?" ಕಥೆ ಏನೆಂದು ಕೇಳಲಿಲ್ಲ. ಹಡಗಲಿಯ ಪರಿಚಯದ ಮೇಷ್ಟರೊಬ್ಬರು ಕೇಳಿದ್ದೂ ಅದನ್ನೇ. ನಮ್ಮಲ್ಲಿ ಹಿರಿಯರೊಬ್ಬರು ಹಣೆಗೆ ಕುಂಕುಮ ಹಚ್ಚದೆ ಪುಸ್ತಕ ಮನೆಯಿಂದ ಹೊರಬೀಳುವಂತಿಲ್ಲ. ಚರ್ಚಾ ಸ್ಪರ್ಧೆಯಲ್ಲಿ 'ದೊಡ್ಡವರು ಹೇಳಿದ್ದಾರೆ, ಆದ್ದರಿಂದ ಸರಿ' ಎಂದವರನ್ನು ನಾನು ವೇದಿಕೆಯ ಮೇಲೆ ಹರಿದು ಹಾಕಿದ್ದೇನೆ. ಅದೇ ನಾನು ದೊಡ್ಡವರ ಹೆಸರಿಗಾಗಿ ಹರಪನಹಳ್ಳಿಗೆ ಬಾಳೆಹಣ್ಣು ತೆಗೆದುಕೊಂಡು ಹೋದೆ.

ಗುರುಗಳು ನಿವೃತ್ತರಾಗಿದ್ದಾರೆ. ಖುಷಿಯಾದರು, ಹಸ್ತಪ್ರತಿಯನ್ನು ಎರಡು ದಿನದಲ್ಲಿ ಓದಿದರು. ಮುನ್ನುಡಿಯನ್ನು ನನಗೆ ಕಳಿಸದೆ ನೇರ ಕೊಟ್ಟೂರಿನ ಪ್ರೆಸ್ಸಿಗೆ ಕಳಿಸಿದರು. ಮುನ್ನುಡಿಯನ್ನು ಲೇಖಕರು ತಿದ್ದುವ ಪದ್ಧತಿ ಇಲ್ಲವಲ್ಲ. ಪ್ರೆಸ್ಸಿನ ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಅಚ್ಚು ಹಾಕಿ, ಇನ್ನೂರು ಪ್ರತಿ ಬೈಂಡ್ ಮಾಡಿಸಿಯೇ ನನಗೆ ಫೋನು ಮಾಡಿದರು.

ಲಗ್ನಪತ್ರಿಕೆಗಳ ಕಟ್ಟುಗಳ ನಡುವೆ ನಿಂತು ನನ್ನ ಮೊದಲ ಪುಸ್ತಕವನ್ನು ತೆರೆದೆ. ಐದನೆಯ ಪುಟ, ಮೂರನೆಯ ಪ್ಯಾರಾ. 'ಅಂತ್ಯದಲ್ಲಿ ಈ ಘೋರ ಕೃತ್ಯ ಎಸಗಿದವರು ಮತ್ತಾರೂ ಅಲ್ಲ' ಎಂದು ಶುರುವಾಗುವ ವಾಕ್ಯ. ಅದರ ಮುಂದೆ ಹೆಸರು. ಅದರ ಮುಂದೆ 'ಎಂದು ತಿಳಿದಾಗ ಓದುಗನ ಎದೆ ಝಲ್ಲೆನ್ನುತ್ತದೆ'.

ಎದೆ ಝಲ್ಲೆಂದಿತು, ನಿಜ.

"ಯಜಮಾನ್ರ, ಇದನ್ನ ಓದಿದ್ರೇನು ನೀವು?"

"ಓದೀನ್ರಿ ಮೇಡಂ. ಭಾಳ ಛಲೋ ಬರ್ದಾರ. ಕಥಿ ಎಲ್ಲಾ ಒಂದ ಪುಟದಾಗ ತಿಳೀತೈತಿ, ಪುಸ್ತಕ ಓದೋದ ಬ್ಯಾಡ."

ಅವರು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು.

ಒಂದು ಪ್ರತಿ ಹಿಡಿದು ಹರಪನಹಳ್ಳಿಯ ಬಸ್ಸು ಹತ್ತಿದೆ. ಅದೇ ತಾಲ್ಲೂಕಿನ ಅರಸೀಕೆರೆಗೆ ಹೋಗುವ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ಏನೋ ಕೇಳುತ್ತಿದ್ದರು. ನಾನು ಯಾವುದಕ್ಕೂ ಉತ್ತರಿಸಲಿಲ್ಲ, ಮನಸ್ಸಿನಲ್ಲಿ ವಾದ ಜೋಡಿಸುತ್ತಿದ್ದೆ. ಗುರುಗಳ ಎದುರು ಕೂತು ಪುಟ ತೋರಿಸಿ ಕೇಳಿದೆ.

"ಸರ್, ವಾದ ಶುರುವಾಗೋ ಮೊದ್ಲ ತೀರ್ಪು ಓದೋ ಜಡ್ಜನ್ನ ನೀವ ಬೈತಿದ್ರಿ."

ಅವರು ಕನ್ನಡಕ ತೆಗೆದರು. "ಅಂದ್ರೆ?"

"ಯಾರು ಕೊಂದ್ರು ಅಂತ ಮುನ್ನುಡಿಯಾಗ ಹೇಳ್ಬಿಟ್ರ ಓದೋರು ಯಾಕ ಓದ್ತಾರ ಸರ್?"

"ಅಷ್ಟೇ ಏನು?" ಅವರು ನಕ್ಕರು. "ನೋಡವ್ವ, ಬಯಲಾಟದಾಗೆ ಯಾರು ಸಾಯ್ತಾರೆ ಅಂತ ಇಡೀ ಊರಿಗೇ ಗೊತ್ತಿರ್ತೈತೆ. ಆದ್ರೂ ಬೆಳಗಿನತನಕ ಕುಂತು ನೋಡ್ತಾರೆ. ಯಾಕೆ?"

"ಆ ಆಟದ ನಿಯಮ ಅದು ಸರ್. ನನ್ನ ಆಟದ ನಿಯಮ ಬ್ಯಾರೆ. ಕಬಡ್ಡಿ ಆಡೋರ ನಡುವ ಹೋಗಿ ಖೋ ಅಂದ್ರ ಹೆಂಗ?"

"ನಿಯಮ ಅಲ್ಲ, ಯೋಗ್ಯತೆ. ಗೊತ್ತಾದ ಮ್ಯಾಲೂ ಓದಿಸ್ಕೊಂಡು ಹೋದ್ರೆ ಅದು ಸಾಹಿತ್ಯ. ನಿನ್ನ ಪುಸ್ತಕ ಯಾರು ಅನ್ನೋ ಒಂದು ಮೊಳೆ ಮ್ಯಾಲೆ ನೇತಾಡ್ತೈತೆ ಅಂದ್ರೆ, ಒಂದ್ಸಲ ಓದಿ ಎಸೆಯೋ ಸರಕು ಅಂತ ನೀನೇ ಒಪ್ಕಂಡಂಗೆ. ನಾನು ಅದಕ್ಕಿಂತ ದೊಡ್ಡದಾಗಿ ಕಂಡು ಬರ್ದಿದೀನಿ. ನೀನೇ ಸಣ್ಣದು ಮಾಡ್ತಿದೀಯ."

ನನ್ನ ಬಳಿ ನಾಲ್ಕು ಉತ್ತರಗಳಿದ್ದವು. ಮೊದಲನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಟೀಪಾಯಿಯ ಮೇಲಿನ ಪೆನ್ನು ತೆಗೆದು ಲೋಟಕ್ಕೆ ಬಡಿದರು. ಟಣ್. ತಮಾಷೆಗೆ ಬಡಿದದ್ದು. ಒಳಗಿನಿಂದ ಚಹಾ ಬಂತು. ಕುಡಿದೆ.

ಎದ್ದು ನಿಂತು, "ತೆಗೀತೀನಿ ಸರ್" ಎಂದೆ.

"ಏನನ್ನ?"

"ಮುನ್ನುಡಿನ."

ಅವರ ಮುಖದ ನಗು ನಿಧಾನವಾಗಿ ಹೋಯಿತು. "ನನ್ನ ಹೆಸರು ಬ್ಯಾಡ ಅನ್ನು ಹಂಗಾರೆ."

"ಹೆಸರು ಬೇಕಿತ್ತು ಸರ್. ಅದಕ್ಕ ಬಂದಿದ್ದೆ. ಅದು ನನ್ನ ತಪ್ಪು."

ಬಾಗಿಲವರೆಗೆ ಬಂದು ಕಳಿಸಿಕೊಡುವವರು ಅಂದು ಕೂತಲ್ಲೇ ಕೂತಿದ್ದರು.

ಮರುದಿನ ರಜೆ ಹಾಕಿ ಪ್ರೆಸ್ಸಿನ ಪಡಸಾಲೆಯಲ್ಲಿ ಕೂತೆ. ಮುನ್ನುಡಿ ಎರಡು ಹಾಳೆ. ಕಬ್ಬಿಣದ ಸ್ಕೇಲು ಇಟ್ಟು, ಬ್ಲೇಡು ಎಳೆದು, ಎರಡನ್ನೂ ಬೇರ್ಪಡಿಸಬೇಕು. ಬೆನ್ನಿನ ಕಡೆ ಬೆರಳಗಲದ ಅಂಚು ಉಳಿಯುತ್ತಿತ್ತು. ಅದನ್ನೂ ಕೊಯ್ದರೆ ಪುಸ್ತಕವೇ ಬಿಚ್ಚಿಕೊಳ್ಳುತ್ತದೆ ಎಂದರು ಯಜಮಾನರು. ಅವರಿಗೆ ಸಂಕಟ ತಡೆಯಲಾಗಲಿಲ್ಲ.

"ದೊಡ್ಡವರ ಮಾತು ಕೊಯ್ಯಬಾರ್ದ್ರಿ ಮೇಡಂ. ಬೇಕಿದ್ರ ಆ ಒಂದು ಹೆಸರಿನ ಮ್ಯಾಲೆ ಕರೀ ಸ್ಟಿಕರ್ ಹಚ್ಚೋಣು."

"ಸ್ಟಿಕರ್ ಕಂಡ್ರ ಮೊದ್ಲು ಅದನ್ನ ಕಿತ್ತು ನೋಡ್ತಾರ್ರಿ."

ಅವರು ಸ್ವಲ್ಪ ಯೋಚಿಸಿದರು. "ಖರೆ ಐತಿ. ನಾನೂ ಕೀಳ್ತಿದ್ದೆ" ಎಂದು ಒಳಗೆ ಹೋಗಿ ಇನ್ನೊಂದು ಬ್ಲೇಡು ತಂದು ನನ್ನ ಎದುರು ಕೂತರು.

ಮೊದಲ ಮೂವತ್ತು ಪ್ರತಿಗಳನ್ನು ಸಿಟ್ಟಿನಿಂದಲೇ ಕೊಯ್ದೆ. ಮುನ್ನುಡಿಯ ಕೊನೆಯ ಪುಟ ನಾನು ಸರಿಯಾಗಿ ಓದಿದ್ದು ಅಲ್ಲಿಂದ ಮುಂದೆ, ಒಂದೊಂದು ಎಳೆತಕ್ಕೆ ಒಂದೊಂದು ಸಾಲಿನಂತೆ. ನನ್ನ ಮೊದಲ ಸ್ಪರ್ಧೆಯ ದಿನ ಬರೆದಿದ್ದರು. ವೇದಿಕೆಯ ಮೇಲೆ ನನ್ನ ಕಾಲು ನಡುಗುತ್ತಿದ್ದುದು, ನಾಲ್ಕು ನಿಮಿಷ ಮುಗಿದರೂ ತಾವು ಲೋಟಕ್ಕೆ ಹೊಡೆಯದೆ ಸುಮ್ಮನಿದ್ದದ್ದು. ಅದು ನನಗೆ ಗೊತ್ತೇ ಇರಲಿಲ್ಲ. ಆ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಕೊಲೆಯ ಕಾರಣವನ್ನೂ ವಿವರಿಸಿದ್ದರು. ಇಂಥವರನ್ನು ಏನು ಮಾಡಬೇಕು? ಒಂದು ಬದಿ ಉಳಿಸಿ ಇನ್ನೊಂದು ಬದಿ ಕೊಯ್ಯುವ ಬ್ಲೇಡು ಯಾರ ಬಳಿಯೂ ಇಲ್ಲ. ಇನ್ನೂರನ್ನೂ ಕೊಯ್ದೆ.

ಪರಿವಿಡಿಯಲ್ಲಿ 'ಮುನ್ನುಡಿ, ಪುಟ ೫' ಎಂದು ಹಾಗೇ ಉಳಿದಿದೆ. ಕೊಂಡವರು ಫೋನು ಮಾಡಿ ಹಾಳೆ ಹರಿದಿದೆ ಎನ್ನುತ್ತಾರೆ. ಅಂಗಡಿಯವರು ಡ್ಯಾಮೇಜ್ ಮಾಲು ಎಂದು ಹಿಂದಿನ ಸಾಲಿಗೆ ಸರಿಸಿದ್ದಾರೆ. ಗುರುಗಳಿಗೆ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದೆ. ತಲುಪಿದೆ ಎಂದು ಗೊತ್ತು. ಮಾತು ಬಂದಿಲ್ಲ.

ಹಾಳೆ ಕೊಯ್ದ ವಾರದ ಭಾನುವಾರ ಕೊನೆಯ ಅಧ್ಯಾಯವನ್ನು ಅತ್ತೆಗೆ ಓದಿದೆ. ಅವಳ ಗುಮಾನಿ ಸುಳ್ಳಾಯಿತು. ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಓದಲು ಬಾರದಿದ್ದರೂ, ಆ ಹೆಸರು ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟಳು. ಆಮೇಲೆ ಪುಟ ಹಿಂದೆ ಹಿಂದೆ ಮಗುಚುತ್ತಾ ಹೋದಳು, ಬೆರಳು ಕೊಯ್ದ ಅಂಚಿಗೆ ತಾಗಿತು.

"ಇದ್ಯಾಕ ಕೊಯ್ದಿ?"

"ಯಾರು ಕೊಂದ್ರು ಅಂತ ಅಲ್ಲೇ ಬರ್ದಿತ್ತು ಅತ್ತಿ."

"ಶುರುವಿಗೇ? ಯಾವ ಹುಚ್ಚ ಬರ್ದಿದ್ದ?"

"ನಮ್ಮ ಸರ್."

ಅತ್ತೆ ನಕ್ಕಳು. "ಪಾಪ, ಅವರಿಗೆ ಹೊಟ್ಯಾಗ ಇಟ್ಗೊಳಾಕ ಆಗಿಲ್ಲ ಬಿಡು. ನನಗೂ ಈಗ ಓಣಿಗೆಲ್ಲಾ ಹೇಳಿ ಬರಬೇಕು ಅನ್ನಿಸಾಕತ್ತೈತಿ."

ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ವಾದಗಳಲ್ಲಿ ಈ ಮಾತು ಒಂದರಲ್ಲೂ ಇರಲಿಲ್ಲ. ಎದೆ ಝಲ್ಲೆಂದದ್ದು ನಿಜವೇ ಇರಬೇಕು, ಅವರದು. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಝಲ್ಲೆಂದವರು ತಮ್ಮ ಎದೆ ಹಿಡಿದುಕೊಂಡು ಕೂರಬೇಕು, ಮುಂದಿನವರ ಸರದಿ ಕಸಿಯಬಾರದು.

"ನೀ ಹೇಳಿದ್ರ ನಾ ಇನ್ನ ಮ್ಯಾಲೆ ನಿನಗ ಓದೋದಿಲ್ಲ ನೋಡು" ಎಂದೆ.

"ಹೇಳೋದಿಲ್ಲ ಬಿಡಲೇ. ಮೊದ್ಲಿಂದ ಇನ್ನೊಮ್ಮಿ ಓದು."

"ಗೊತ್ತಾತಲ್ಲ, ಮತ್ಯಾಕ?"

"ಎಲ್ಲಿ ಮೋಸ ಮಾಡೀಯಂತ ಹಿಡೀಬೇಕು. ನನ್ನ ಕಣ್ಣ ತಪ್ಪಿಸಿ ಆ ಹಲ್ಕಟ್ ಹೆಂಗ ಓಡ್ಯಾಡಿದ್ದ."

'ಓಡ್ಯಾಡಿದ್ದ' ಎಂದಳಲ್ಲ, ಕೊಲೆಗಾರ ಗಂಡಸೆಂದು ನಿಮಗೂ ಗೊತ್ತಾಯಿತು. ನೋಡಿ, ನನ್ನ ಬಾಯಿಂದಲೂ ಅರ್ಧ ಜಾರಿತು. ಅತ್ತೆ ಕಾಲು ಚಾಚಿ, ಒಂದು ಮರಿಯನ್ನು ತೊಡೆಗೆ ಎಳೆದುಕೊಂಡು ಕೂತಳು. ನಾನು ಒಂಬತ್ತನೆಯ ಪುಟ ತೆರೆದೆ.