ಒಂಬತ್ತನೆಯ ರೊಟ್ಟಿ

ಪಾಕೀಟಿನ ಮೇಲೆ ಎಂಟು ಎಂದು ಅಚ್ಚಾಗಿತ್ತು. ಒಳಗೆ ಒಂಬತ್ತು ಜೋಳದ ರೊಟ್ಟಿಗಳಿದ್ದವು. ಒಂಬತ್ತನೆಯದು ಉಳಿದವಕ್ಕಿಂತ ಬೆರಳಗಲ ಚಿಕ್ಕದು, ಅಂಚಿನಲ್ಲಿ ಒಂದು ಕಡೆ ಸುಟ್ಟು ಕಪ್ಪಾಗಿತ್ತು.

ಬೈರಿದೇವರಕೊಪ್ಪದಲ್ಲಿ ನಮ್ಮ ಮನೆಯಿಂದ ಮೂರನೆಯ ತಿರುವಿಗೆ ಹುಡುಗಿಯೊಬ್ಬಳು ತಾಯಿಯ ಜೊತೆ ಹೊಸದಾಗಿ ರೊಟ್ಟಿ ಅಂಗಡಿ ತೆರೆದಿದ್ದಳು. ಕಳೆದ ವಾರ ಒಂದು ಸಂಜೆ ಕೆಲಸದಿಂದ ಬರುವಾಗ ಅಲ್ಲಿ ನಿಂತೆ. ಒಂದು ಹೆಚ್ಚಿಗೆ ಬಂದಿದೆ ಎಂದು ತೋರಿಸಿದ್ದಕ್ಕೆ ಅವಳು ನಕ್ಕಳು.

“ಕೊಸರರೀ ಅಕ್ಕಾರ. ಮಂದಿಗೆ ರೂಢಿ ಆಗೂಮಟ ಕೊಡೂದು. ಆಮ್ಯಾಲೆ ಬಿಡೂದು.”

ಪಾಕೀಟು ಇನ್ನೂ ಬೆಚ್ಚಗಿತ್ತು. ಮನೆಯವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ಏಳೆಂಟು ವರ್ಷಗಳ ಹಿಂದೆ ಇದೇ ಮಾತನ್ನು ಇಷ್ಟೇ ಹಗುರವಾಗಿ ಹೇಳಿದವರೊಬ್ಬರಿದ್ದರು…

ಅವರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಹಳೇ ಹುಬ್ಬಳ್ಳಿಯ ನಮ್ಮ ಓಣಿ ಮುಗಿಯುವಲ್ಲಿ ಅವರ ಕಂಪ್ಯೂಟರ್ ಕ್ಲಾಸ್ ಇತ್ತು. ನಾಲ್ಕು ಕಂಪ್ಯೂಟರು, ಗೋಡೆಗೊಂದು ಕರಿಹಲಗೆ, ಬಾಗಿಲ ಹೊರಗೆ ಸಾಲಾಗಿ ಚಪ್ಪಲಿ. ಬಿ.ಎಸ್ಸಿ. ಓದುತ್ತಿದ್ದಾಗ ನಾನು ಸಂಜೆ ಅಲ್ಲಿಗೆ ಕಲಿಯಲು ಹೋಗುತ್ತಿದ್ದೆ; ಪರೀಕ್ಷೆ ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಅವರೇ ಷಟರ್ ಎತ್ತುತ್ತಿದ್ದರು. ಆ ಸಪ್ಪಳ ಕೇಳಿ ನಮ್ಮ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದರೆ ಹೆಚ್ಚಾಗಲಾರದು.

ರೂಢಿಯ ಬಗ್ಗೆ ಅವರಿಗೆ ಒಂದು ನಂಬಿಕೆಯಿತ್ತು. ದಿನಾ ಮಾಡಬೇಕಾದ ಹೊಸ ಕೆಲಸವನ್ನು ದಿನಾ ತಪ್ಪದೆ ಮಾಡುವ ಹಳೆಯ ಕೆಲಸಕ್ಕೆ ಕಟ್ಟಬೇಕು ಎನ್ನುತ್ತಿದ್ದರು. ಅವರ ಹಳೆಯ ಕೆಲಸ ನಾಲ್ಕೂವರೆಯ ಚಹಾ. ಕಪ್ಪು ಕೆಳಗಿಟ್ಟವರೇ ಎದ್ದು, ಅಂದು ಕಲಿಸಿದ್ದೇನು, ಉಳಿದದ್ದೇನು ಎಂದು ಹಲಗೆಯ ಮೇಲೆ ಎರಡು ಸಾಲು ಬರೆಯುತ್ತಿದ್ದರು. ನಮಗೂ ವಹಿಯಲ್ಲಿ ಬರೆಯಲು ಹೇಳುತ್ತಿದ್ದರು. “ಮನಸ್ಸಿನ ಮ್ಯಾಲೆ ಬಿಡಬ್ಯಾಡ್ರಿ,” ಎನ್ನುತ್ತಿದ್ದರು, “ಚಹಾದ ಮ್ಯಾಲೆ ಬಿಡ್ರಿ.” ಉಳಿದವರು ತಿಂಗಳೊಳಗೆ ಬಿಟ್ಟರು. ನಾನು ಬಿಡಲಿಲ್ಲ. ಯಾರ ಹತ್ತಿರವೂ ಹೆಚ್ಚು ಮಾತಾಡದವಳಿಗೆ ಆ ಎರಡು ಸಾಲು ಸಾಕಾಗುತ್ತಿದ್ದವು.

ಆಗ ಎಲ್ಲೆಲ್ಲೂ ಇಂಟರ್ನೆಟ್ಟಿನ ಮಾತು. ಸರ್ ಕ್ಲಾಸು ನಿಲ್ಲಿಸಿ ಕಂಪನಿ ತೆಗೆದರು. ವಿದ್ಯಾನಗರದ ಕಡೆಯ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ರೊಟ್ಟಿ ಬಡಿಯಲು ಪುರಸೊತ್ತಿಲ್ಲ. ಅವರು ವೆಬ್‌ಸೈಟಿನಲ್ಲಿ ಹೇಳಿದರೆ ಸಂಜೆಯೊಳಗೆ ಬಿಸಿ ರೊಟ್ಟಿ ಮನೆಗೆ. ರೊಟ್ಟಿ ಮಾಡುವವರು ನಮ್ಮ ಅವ್ವ ಮತ್ತು ಓಣಿಯ ಮೂವರು ಹೆಂಗಸರು. ಅವ್ವ ಹನ್ನೊಂದು ವರ್ಷದಿಂದ ಒಂದು ಖಾನಾವಳಿಗೆ ದಿನಾ ನೂರು ರೊಟ್ಟಿ ಕೊಡುತ್ತಿದ್ದಳು. ಅಪ್ಪ ಇಲ್ಲದ ಮನೆ ನಡೆದದ್ದೇ ಆ ನೂರು ರೊಟ್ಟಿಯ ಮೇಲೆ. ಸರ್‌ಗೆ ಕೊಡುವ ನಲವತ್ತು ಅದರ ಮೇಲಿನದು.

ಖರೇ ಹೇಳಬೇಕೆಂದರೆ ವೆಬ್‌ಸೈಟಿಗೆ ಯಾರೂ ಬರುತ್ತಿರಲಿಲ್ಲ. ಜನ ಫೋನು ಮಾಡುತ್ತಿದ್ದರು, ನಾನು ಅದನ್ನು ವೆಬ್‌ಸೈಟಿನಲ್ಲಿ ತುಂಬುತ್ತಿದ್ದೆ. ಪಕ್ಕದ ಮನೆಯ ಕಾಕು ನನ್ನನ್ನು ಕಂಡಾಗಲೆಲ್ಲ, “ರೊಟ್ಟಿ ಕಂಪ್ಯೂಟರಿನ್ಯಾಗ ಬೇಯತಾವಂತ, ಪಲ್ಯಾ ಯಾವಾಗ ಶುರು ಮಾಡ್ತೀರವಾ?” ಎಂದು ಕೇಳುತ್ತಿದ್ದಳು.

ಕೊಸರು ಬಂದದ್ದು ಎರಡನೆಯ ತಿಂಗಳಲ್ಲಿ. ಸಂತೆಯಲ್ಲಿ ತೂಕ ಮುಗಿದ ಮೇಲೆ ಹಿಡಿ ಕೊತ್ತಂಬರಿ ಹಾಕುತ್ತಾರಲ್ಲ, ಅದನ್ನು ಸರ್ ಕಂಪ್ಯೂಟರಿಗೆ ಕಲಿಸಿದರು. ಎಂಟು ಎಂದು ತುಂಬಿದರೆ ಚೀಟಿಯಲ್ಲಿ ತಾನಾಗಿ ಒಂಬತ್ತು ಬರುತ್ತಿತ್ತು. ರೂಢಿ ಆಗುವವರೆಗೆ ಕೊಡುವುದು, ಒಮ್ಮೆ ರೂಢಿ ಆದರೆ ಯಾರೂ ಬಿಡುವುದಿಲ್ಲ ಎಂದು ಅವ್ವನಿಗೆ ವಿವರಿಸಿದರು. ಅವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು.

“ಕೊಸರಂದ್ರ ಮುಖಾ ನೋಡಿ ಹಾಕೂದರೀ ಸರ. ಎಲ್ಲಾರಿಗೂ ಹಾಕಿದ್ರ ಅದು ಕೊಸರಲ್ಲ, ಲೆಕ್ಕದಾಗಿಂದ ಆತು.”

ಸರ್ ನಕ್ಕರು. ನಾನೂ ನಕ್ಕೆ ಎಂದು ನೆನಪು…

ಹಲಗೆಯ ಮೇಲೆ ಈಗ ದಿನಾ ಎರಡು ಅಂಕಿಗಳು. ಮೊದಲನೆಯದು, ಅಂದು ಹೋದ ಪಾಕೀಟು. ಎರಡನೆಯದು, ಒಂದು ಪಾಕೀಟಿಗೆ ನಮಗೆ ಉಳಿದದ್ದು. ಪಾಕೀಟಿಗೆ ಹನ್ನೆರಡು ರೂಪಾಯಿ. ಮಾಡಿದವರಿಗೆ ರೊಟ್ಟಿಗೊಂದರಂತೆ ಒಂಬತ್ತು ಹೋದರೆ ಮೂರು. ಆ ಮೂರರಲ್ಲಿ ಚೀಲ, ಫೋನು, ಸೈಕಲ್ಲಿನಲ್ಲಿ ಮುಟ್ಟಿಸುವವರ ಕೂಲಿ. ಕೊಸರು ಶುರುವಾಗುವ ಮೊದಲು ನಾಲ್ಕಾಣೆ ಉಳಿಯುತ್ತಿತ್ತು. ಆಮೇಲೆ ಎರಡನೆಯ ಅಂಕಿಯ ಹಿಂದೆ ಕಳೆಯುವ ಲೆಕ್ಕದ ಒಂದು ಸಣ್ಣ ಅಡ್ಡಗೀಟು ಬಂತು. ಮನೆಗಳು ದೂರವಾದಷ್ಟೂ ಗೀಟಿನ ಮುಂದಿನ ಅಂಕಿ ದೊಡ್ಡದಾಯಿತು. ಪಾಕೀಟು ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದರು ಸರ್. ಒಂದು ಪಾಕೀಟಿಗೆ ಒಂದೂವರೆ ರೂಪಾಯಿ ಹೋಗುವಾಗ ನೂರು ಪಾಕೀಟಿಗೆ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಲು ಬಿ.ಎಸ್ಸಿ. ಬೇಕಾಗಿರಲಿಲ್ಲ.

ಕಂಪನಿಗೆ ದುಡ್ಡು ಹಾಕಿದವರು ಪುಣೆಯಲ್ಲಿದ್ದರು. ಶನಿವಾರ ಹತ್ತಕ್ಕೆ ಅವರ ಫೋನು ಬರುತ್ತಿತ್ತು. ಆರ್ಡರ್ ಎಷ್ಟಾಯಿತು ಎಂದು ಕೇಳುತ್ತಿದ್ದರು. ಹೆಚ್ಚಾಗಿದ್ದರೆ ಇನ್ನಷ್ಟು ಕಳಿಸುತ್ತೇನೆ ಎನ್ನುತ್ತಿದ್ದರು. ಎರಡನೆಯ ಅಂಕಿಯನ್ನು ಅವರು ಒಮ್ಮೆಯೂ ಕೇಳಲಿಲ್ಲ.

ಅಂಥ ಒಂದು ಶನಿವಾರ ಸಂಜೆ ಸರ್ ಕಪ್ಪು ಕೆಳಗಿಟ್ಟು ಎದ್ದರು. ಮೊದಲ ಅಂಕಿ ಬರೆದರು. ಸೀಮೆಸುಣ್ಣವನ್ನು ಹಲಗೆಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅದನ್ನು ಕೆಳಗಿಟ್ಟು ಕೈ ಒರೆಸಿಕೊಂಡರು.

“ಎರಡನೇದು ಉಳೀತರೀ ಸರ್,” ಎಂದೆ.

“ನಾಳಿಗೆ ಬರೀತೇನಿ ತಗೋ, ತಂಗಿ.”

ಮರುದಿನ ಬರೆಯಲಿಲ್ಲ. ಅದರ ಮರುದಿನವೂ ಇಲ್ಲ. ಮೊದಲ ಅಂಕಿ ಮಾತ್ರ ದಿನದಿನಕ್ಕೆ ದೊಡ್ಡ ಅಕ್ಷರದಲ್ಲಿ ಬರತೊಡಗಿತು. ಬೆಳಿಗ್ಗೆ ಷಟರ್ ಮಾತ್ರ ಆರಕ್ಕೇ ಏಳುತ್ತಿತ್ತು. ನಾನು ನನ್ನ ವಹಿಯಲ್ಲಿ ಎರಡನ್ನೂ ಬರೆಯುತ್ತಿದ್ದೆ. ಹಲಗೆಯಲ್ಲಿ ಖಾಲಿ ಉಳಿದ ಜಾಗ ನೋಡಿದಾಗಲೆಲ್ಲ, ಮನೆಯಲ್ಲಿ ಯಾರದೋ ಉಸಿರು ನಿಂತಿದೆ, ನನಗೊಬ್ಬಳಿಗೇ ಗೊತ್ತಾಗಿದೆ ಎನ್ನಿಸುತ್ತಿತ್ತು.

ಆ ದಿನಗಳಲ್ಲೇ ಸರ್ ನಮ್ಮ ಮನೆಗೆ ಬಂದರು. ದಿನಕ್ಕೆ ಮುನ್ನೂರು ರೊಟ್ಟಿ ಬೇಕು, ಖಾನಾವಳಿ ಬಿಟ್ಟು ಪೂರ್ತಿ ತಮಗೇ ಮಾಡಿಕೊಡಬೇಕು ಎಂದರು. ಅವರು ಹೋದ ಮೇಲೆ ಅವ್ವ ಹಂಚು ಇಳಿಸಿ ನನ್ನ ಎದುರು ಕುಳಿತಳು.

“ನೀ ದಿನಾ ಅಲ್ಲೇ ಇರ್ತಿ. ನೀ ಹೇಳು. ಬಿಡ್ಲೇನು ಖಾನಾವಳಿ?”

ವಹಿ ನನ್ನ ಚೀಲದಲ್ಲಿತ್ತು. ಚೀಲ ನನ್ನ ತೊಡೆಯ ಮೇಲಿತ್ತು. ಕಂಪನಿಯ ಒಳಗಿನ ಮಾತನ್ನು ಹೊರಗೆ ಹೇಳುವುದು ಸರಿಯಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಎರಡನೆಯ ಅಂಕಿಯನ್ನು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಸರ್ ಹೆದರಿದ್ದರಲ್ಲ, ನಾನೂ ಹಾಗೇ ಹೆದರಿದ್ದೆ.

“ನಿನಗ ತಿಳದಂಗ ಮಾಡವಾ,” ಎಂದೆ.

ಅವ್ವ ಮರುದಿನ ಖಾನಾವಳಿ ಬಿಟ್ಟಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಪುಣೆಯ ಫೋನು ನಿಂತಿತು. ಒಂದು ಶನಿವಾರ ಹತ್ತು ಹೊಡೆಯಿತು, ಹನ್ನೊಂದೂ ಹೊಡೆಯಿತು. ಸರ್ ಕುರ್ಚಿ ಬಿಟ್ಟು ಏಳಲಿಲ್ಲ. ಸೋಮವಾರ ಅವರು ಕೊಸರು ತೆಗೆಯಲು ಹೇಳಿದರು. ಅಂದು ಎಲ್ಲರಿಗೂ ಎಂಟೆಂಟೇ ಹೋದವು, ಹಣ ಕೊಟ್ಟಷ್ಟೇ. ಸಂಜೆ ಐದರಿಂದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕರೆ ಮಾಡಿದವರೆಲ್ಲ ಬಹುತೇಕ ಒಂದೇ ಮಾತು ಹೇಳಿದರು.

“ಇವತ್ತ ಒಂದು ಕಡಿಮಿ ಬಂದದರೀ.”

ಹದಿನೈದನೆಯ ಕರೆಯವರೆಗೆ ಸರ್ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, “ರೂಢಿ ಆತು ನೋಡು,” ಎಂದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆ ವಾರ ಮುಗಿಯುವುದರೊಳಗೆ ಅರ್ಧಕ್ಕರ್ಧ ಮನೆಗಳು ರೊಟ್ಟಿ ಬೇಡವೆಂದವು.

ಆಮೇಲೆ ಒಂದು ಬೆಳಿಗ್ಗೆ ಷಟರಿನ ಸಪ್ಪಳ ಕೇಳಲಿಲ್ಲ. ಆರೂಕಾಲಾಯಿತು. ಆರೂವರೆಯಾಯಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಓಣಿಯಲ್ಲಿ ನೀರು ತುಂಬುವ ಹೆಂಗಸರ ದನಿಯೂ ಅಂದು ತಗ್ಗಿದ ಹಾಗಿತ್ತು.

ಮಧ್ಯಾಹ್ನ ಜಾಗದ ಮಾಲೀಕರು ಇನ್ನೊಂದು ಕೀಲಿ ತಂದು ಷಟರ್ ಎತ್ತಿಸಿದರು. ಕಂಪ್ಯೂಟರುಗಳ ಮೇಲೆ ಹೊದಿಕೆ ಹಾಕಿತ್ತು. ಕಸ ಗುಡಿಸಿತ್ತು. ಚಹಾದ ಕಪ್ಪು ತೊಳೆದು ಬೋರಲು ಹಾಕಿತ್ತು. ಹಲಗೆಯ ಮೇಲೆ ಮೊದಲ ಅಂಕಿ ಇತ್ತು. ಅದರ ಕೆಳಗೆ, ಅಷ್ಟು ದಿನಗಳ ಮೇಲೆ, ಎರಡನೆಯದೂ ಇತ್ತು. ಅಡ್ಡಗೀಟಿನ ಸಮೇತ, ನೇರವಾಗಿ, ಅವರದೇ ಕೈಬರಹದಲ್ಲಿ. ವಹಿ ತೆಗೆದು ನೋಡಿದೆ. ಪೈಸೆಯೂ ವ್ಯತ್ಯಾಸವಿರಲಿಲ್ಲ. ಬರೆಯದ ದಿನಗಳಲ್ಲೂ ಅವರಿಗೆ ಅದು ಗೊತ್ತೇ ಇತ್ತು…

ಅವ್ವ ಖಾನಾವಳಿಗೆ ಹೋದಾಗ ಆ ನೂರು ರೊಟ್ಟಿ ಬೇರೆಯವರ ಪಾಲಾಗಿತ್ತು. “ಕಂಪ್ಯೂಟರ್ ಬಿಟ್ಟು ನಮ್ಮ ನೆನಪಾತೇನ್ರಿ?” ಎಂದರಂತೆ ಖಾನಾವಳಿಯ ಅಕ್ಕಾರು. ಹಾಗೆಂದರೂ ತಮ್ಮ ಅಡುಗೆಮನೆಯಲ್ಲಿ ನಿಂತು ಬಡಿಯುವ ದಿನಗೂಲಿ ಕೆಲಸ ಕೊಟ್ಟರು. ತನ್ನ ಒಲೆಯ ಮುಂದೆ ಕುಳಿತು ಮಾಡುತ್ತಿದ್ದವಳು ಆರು ವರ್ಷ ಇನ್ನೊಬ್ಬರ ಒಲೆಯ ಮುಂದೆ ನಿಂತಳು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದಿದ್ದು ಆ ಕೂಲಿಯಲ್ಲಿ. ಈಗ ಅವಳ ಬಲಗೈ ಮಣಿಕಟ್ಟು ಮಡಚುವುದಿಲ್ಲ. ವಹಿಯ ವಿಷಯ ಅವಳಿಗೆ ಇವತ್ತಿಗೂ ಹೇಳಿಲ್ಲ.

ಅಂದು ಊರು ಬಿಟ್ಟುಹೋದ ಸರ್ ಗೋಕಾಕದ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತಿದ್ದರು, ಹೋದ ವರ್ಷ ತೀರಿಕೊಂಡರು ಎಂದು ಹಳೆಯ ಸಹಪಾಠಿಯೊಬ್ಬಳು ಹೇಳಿದಳು. ಅಲ್ಲಿಯೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಿದ್ದರಂತೆ. ಅವರು ಕಲಿಸಿದ ರೂಢಿ ನನ್ನಲ್ಲಿ ಉಳಿದಿದೆ. ಚಹಾ ಆದ ಮೇಲೆ ಎರಡು ಸಾಲು. ಅಂದು ಹಲಗೆಯ ಮುಂದೆ ಇನ್ನೊಮ್ಮೆ ಕೇಳಿದ್ದರೆ ಬರೆಯುತ್ತಿದ್ದರೋ ಏನೋ. ನಾನು ಒಮ್ಮೆ ಕೇಳಿ ಸುಮ್ಮನಾಗಿದ್ದೆ.

ಕಳೆದ ವಾರ ಪಾಕೀಟು ತಂದ ಆ ಸಂಜೆ ಅವ್ವ ಎಡಗೈಯಿಂದ ರೊಟ್ಟಿ ಮುರಿದು, ಹದವಾಗಿದೆ, ಯಾರು ಮಾಡಿದ್ದು ಎಂದು ಕೇಳಿದಳು. ಅಂಗಡಿಯ ಹುಡುಗಿ ಮತ್ತು ಅವಳ ತಾಯಿ ಎಂದೆ. ಒಂಬತ್ತನೆಯದನ್ನು ನಾನು ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ವಹಿ ತೆಗೆದುಕೊಂಡು ಮೂರನೆಯ ತಿರುವಿಗೆ ಹೋದೆ. ಹುಡುಗಿ ಆಗಷ್ಟೇ ಷಟರ್ ಎತ್ತಿದ್ದಳು. ಒಳಗೆ ಅವಳ ತಾಯಿ ಹಿಟ್ಟು ನಾದುತ್ತಿದ್ದಳು. ನನ್ನನ್ನು ಕಂಡು ಹುಡುಗಿ, ಇಷ್ಟು ಲಗೂ ರೊಟ್ಟಿ ಆಗಿಲ್ಲ ಎಂದಳು.

“ರೊಟ್ಟಿ ಬ್ಯಾಡ, ತಂಗಿ. ಒಂದು ಪಾಕೀಟಿಗೆ ನಿನಗ ಏನ ಉಳೀತದ, ಹೇಳು.”

ಅವಳು ನಕ್ಕು, ಅದನ್ನೆಲ್ಲ ಆಮೇಲೆ ನೋಡೋಣ ಎಂದಳು. ನಾನು ಇನ್ನೊಮ್ಮೆ ಕೇಳಿದೆ. ತಾಯಿ ಹಿಟ್ಟಿನ ಕೈ ಹಿಡಿದು ನಮ್ಮ ಕಡೆ ತಿರುಗಿದಳು. ನಾನು ಸ್ಟೂಲು ಎಳೆದುಕೊಂಡು ಕುಳಿತು ವಹಿಯ ಖಾಲಿ ಹಾಳೆ ತೆರೆದೆ. ಹುಡುಗಿ ಎರಡನೆಯ ಅಂಕಿ ಹೇಳುವವರೆಗೂ ಏಳಲಿಲ್ಲ.